ರೂಮಿಗೆ ಮಣಿಪುರದ ಹುಡುಗ ಬಂದಿದಾನೆ, ಮಾತಾಡಿದ್ರೆ ನನ್ನ ತಲೇಲಿರೋ ಪೂರ್ವಗ್ರಹ ಹೋಗುತ್ತಾ?

ಹೋಗುತ್ತೆ, ನಂಗೆ ಹೋಗಿದೆ. ಆದ್ರೆ ಎಂಥಾ ಮಾತು ಅನ್ನೋದ್ರ ಮೇಲಿದೆ.

2011ರಲ್ಲಿ ಬೆಂಗಳೂರಿನ ಈಜಿಪುರದಲ್ಲಿ ಮೂರು ಜನ ಸೇರಿ ಮನೆ ಮಾಡಿದ್ವಿ, ಅದ್ರಲ್ಲಿ ಒಬ್ಬ ಮಣಿಪುರದ ಇಂಫಾಲದವ್ನು, ಮೈತೇಯಿ ಅನ್ನೋ ಸಮುದಾಯದ ಹುಡುಗ. ದಿನಾ ಅವನ ಹತ್ರ ಮಾತಾಡ್ತಿದ್ದೆ, ಆದ್ರೆ ಬರೀ ಪ್ರಶ್ನೆ. ನೀವು ನಾಯಿ ತಿಂತೀರಂತೆ ಹೌದಾ, ನಿಮ್ ಕಡೆ ಹಿಂದಿ ಬರುತ್ತಾ, ಹೀಗೇ. ಪಾಪ ಎಲ್ಲದಕ್ಕೂ ಉತ್ರ ಕೊಡ್ತಿದ್ದ, ಎರಡು ತಿಂಗಳಾದ್ರೂ ನನ್ನ ತಲೆ ಒಂಚೂರೂ ಬದಲಾಗ್ಲಿಲ್ಲ.

ಒಂದು ಭಾನುವಾರ ಅವ್ನು ಎರೊಂಬಾ ಮಾಡ್ತಿದ್ದ, ಬೇಯಿಸಿದ ಆಲೂಗಡ್ಡೆಗೆ ಮೆಣಸಿನಕಾಯಿ, ನ್ಗಾರಿ ಅಂತ ಹುಳಿ ಬರಿಸಿದ ಮೀನು ಹಾಕಿ ಮಸೆಯೋದು. ನಾನು ಮೂಗು ಮುಚ್ಕೊಂಡು ಕಿಟಕಿ ತೆಗ್ದು, ಓನರ್ ಬೈತಾರೆ ಮಾರಾಯ ಅಂದೆ. ಅವ್ನು ಏನೂ ಅನ್ನದೆ ಪಾತ್ರೆಗೆ ತಟ್ಟೆ ಮುಚ್ಚಿದ. ಅದೇ ವಾರ ಕುಂದಾಪುರದಿಂದ ಅಮ್ಮ ಕಳ್ಸಿದ ಒಣ ಸಿಗಡಿ ಚಟ್ನಿ ಡಬ್ಬಿ ತೆಗೆದೆ ನೋಡಿ, ತುಮಕೂರಿನ ಇನ್ನೊಬ್ಬ ರೂಮ್‌ಮೇಟು ತಟ್ಟೆ ಎತ್ಕೊಂಡು ಬಾಲ್ಕನಿಗೆ ಹೋಗ್ಬಿಟ್ಟ. ನಂಗೆ ಹೊಟ್ಟೆ ಉರೀತು. ಹಿಂದಿನ ಮನೇಲಿ ಮೀನು ಹುರಿದಿದ್ದಕ್ಕೆ ಓನರ್ ಹತ್ರ ಉಗಿಸ್ಕೊಂಡಿದ್ದನ್ನ ಮಣಿಪುರದವನಿಗೆ ಹೇಳ್ಕೊಂಡೆ. ಅವ್ನು ಡಬ್ಬಿ ಮೂಸಿ, ಚಟ್ನಿ ಅನ್ನಕ್ಕೆ ಕಲಸ್ಕೊಂಡು ತಿಂದ, ಆಮೇಲೆ ನಾನು ಕೇಳ್ದೆನೇ ಶುರು ಮಾಡ್ದ: ಇದೇ ವಾಸನೆ ವಿಷ್ಯಕ್ಕೆ ಎರಡೇ ದಿನದಲ್ಲಿ ಅವನನ್ನ ಮನೆ ಖಾಲಿ ಮಾಡ್ಸಿದ್ರಂತೆ, ಅದಾದ್ಮೇಲೆ ಓನರ್ ಊರಲ್ಲಿಲ್ಲದ ದಿನ ಮಾತ್ರ ನ್ಗಾರಿ ತೆಗೀತಿದ್ನಂತೆ. ಕೇಳ್ತಾ ಕೇಳ್ತಾ ನಂಗೆ ತುತ್ತು ಇಳೀಲಿಲ್ಲ, ನಾನೂ ಅದೇ ಓನರ್ ಥರಾನೇ ಆಡಿದ್ನಲ್ಲ ಅಂತ.

ಉತ್ತರಪ್ರದೇಶದಲ್ಲಿ ಬೇರೆ ಬೇರೆ ಜಾತಿಯ 1,261 ಹುಡುಗ್ರನ್ನ ಇಟ್ಕೊಂಡು ಕ್ರಿಕೆಟ್ ಲೀಗ್ ನಡೆಸಿ ಒಂದು ಅಧ್ಯಯನ ಮಾಡಿದಾರೆ, 2021ರಲ್ಲಿ ಪ್ರಕಟ ಆಯ್ತು. ಒಂದೇ ಟೀಮಲ್ಲಿ ಆಡಿದವ್ರಲ್ಲಿ ಜಾತಿ ದಾಟಿದ ಸ್ನೇಹ ಜಾಸ್ತಿಯಾಯ್ತು, ಎದುರಾಳಿಗಳಾಗಿ ಆಡಿದವ್ರಲ್ಲಿ ಅದು ಕಮ್ಮಿಯಾಯ್ತು. ಓದಿದಾಗ ನಮ್ಮ ಅಡುಗೆಮನೆ ನೆನಪಾಯ್ತು. ಪ್ರಶ್ನೆ ಕೇಳ್ವಾಗ ನಾನು ಅವನ ಎದುರು ನಿಂತಿದ್ದೆ, ಡಬ್ಬಿ ತೆಗೆದ ದಿನ ಅವನ ಪಕ್ಕ ಕೂತಿದ್ದೆ.

ಮಾತಿಂದ ಎಲ್ಲಾ ಆಗಲ್ಲ, ಅದೂ ಗೊತ್ತಿರ್ಲಿ. 2012ರ ಆಗಸ್ಟಲ್ಲಿ ಈಶಾನ್ಯದವ್ರ ಮೇಲೆ ದಾಳಿ ಆಗುತ್ತೆ ಅಂತ ಎಸ್ಸೆಮ್ಮೆಸ್ ಹರಿದಾಡಿ, ಸಾವಿರಾರು ಜನ ಸಿಟಿ ಸ್ಟೇಷನ್ನಿಗೆ ಓಡಿ ಗುವಾಹಟಿ ರೈಲು ಹತ್ತಿದ್ರು, ಒಂದೇ ಸಲಕ್ಕೆ ಐದಕ್ಕಿಂತ ಜಾಸ್ತಿ ಮೆಸೇಜ್ ಕಳ್ಸೋ ಹಾಗಿಲ್ಲ ಅಂತ ಸರ್ಕಾರ ತಡೆ ಹಾಕ್ತು. ಅವ್ನೂ ಬ್ಯಾಗ್ ಕಟ್ದ. ಏನೂ ಆಗಲ್ಲ ಇರೋ ಅಂದೆ. ಆಗಲ್ಲ ಅಂತ ನಮ್ಮಮ್ಮಂಗೆ ನೀನೇ ಹೇಳು ಅಂತ ಫೋನ್ ಕೈಗೆ ಕೊಟ್ಟ, ಆ ಕಡೆ ಅವ್ರು ಅಳ್ತಿದ್ರು, ನಂಗೆ ಬಾಯೇ ಬರ್ಲಿಲ್ಲ. ಸ್ಟೇಷನ್ನಿಗೆ ಬಿಟ್ಟು ಬಂದೆ. ಒಂದೂವರೆ ತಿಂಗಳಾದ್ಮೇಲೆ ವಾಪಸ್ ಬಂದ.

ನೀವು ಮೊದ್ಲು ನಿಮ್ಮ ಮನೆ ಊಟ ಹಂಚ್ಕೊಳ್ಳಿ, ನಿಮ್ಗೆ ನೋವಾಗಿದ್ದೇನಾದ್ರೂ ಇದ್ರೆ ಹೇಳ್ಕೊಳ್ಳಿ. ನಾಯಿ ಪ್ರಶ್ನೆ ದಯವಿಟ್ಟು ಬೇಡ. ಇನ್ನೊಂದು, 2023ರ ಮೇ ತಿಂಗಳಲ್ಲಿ ಮಣಿಪುರದಲ್ಲಿ ಮೈತೇಯಿ, ಕುಕಿ ಸಮುದಾಯಗಳ ನಡುವೆ ಹಿಂಸಾಚಾರ ಶುರುವಾಗಿ ಎಷ್ಟೋ ಜನ ಮನೆ ಕಳ್ಕೊಂಡಿದಾರೆ, ಹಾಗಾಗಿ ನೀನು ಯಾವ ಕಡೆಯವನು ಅಂತ ಕೇಳಕ್ಕೆ ಹೋಗ್ಬೇಡಿ, ಅವನಾಗೇ ಹೇಳೋವರೆಗೂ ಕಾಯಿರಿ.