ಒಬ್ಬರಿಗೆ ಹುಬ್ಬಳ್ಳಿ, ಇನ್ನೊಬ್ಬರಿಗೆ ಧಾರವಾಡದಲ್ಲಿ ಕೆಲಸ: ಬಾಡಿಗೆ ಮನೆ ಯಾವ ಕಡೆ ಹಿಡಿಯಬೇಕು?

ಮೊದಲು ನವನಗರದ ಕಡೆ ನೋಡಿ. ಎರಡೂ ಊರಿನ ನಡುವೆ ಇದೆ, ಮುಖ್ಯರಸ್ತೆಯಲ್ಲೇ ಚಿಗರಿ (ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಬಿಆರ್‌ಟಿಎಸ್) ಬಸ್ಸು ಸಿಗುತ್ತದೆ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಸುಮಾರು 20 ಕಿಲೋಮೀಟರ್ ಅಷ್ಟೇ, ಆದರೆ ದಿನಾ ಆ ತುದಿಯಿಂದ ಈ ತುದಿಗೆ ಓಡಾಡಿದರೆ ಸಾಕಾಗಿ ಹೋಗುತ್ತದೆ. ಹುಬ್ಬಳ್ಳಿಯ ವಿದ್ಯಾನಗರವೂ ಚಿಗರಿ ದಾರಿಯಲ್ಲೇ ಇದೆ, ಆದರೆ ಕಾಲೇಜು ಹುಡುಗರ ಬೇಡಿಕೆ ಜಾಸ್ತಿ. ಧಾರವಾಡದ ಸಪ್ತಾಪುರವಂತೂ ಕೋಚಿಂಗ್ ಹುಡುಗರ ಅಡ್ಡಾ. ಸಂಸಾರಸ್ಥರಿಗೆ ಗದ್ದಲ ಅನಿಸಬಹುದು.

ನನ್ನ ಪ್ರಕಾರ ಏರಿಯಾಗಿಂತ ನೀರು ಮುಖ್ಯ. ಇಲ್ಲಿ ಕೆಲವು ವಾರ್ಡಿಗೆ 24 ಗಂಟೆ ನೀರು, ಉಳಿದವಕ್ಕೆ ಹಲವು ದಿನಕ್ಕೊಮ್ಮೆ. ಮಾಲೀಕರನ್ನು ಕೇಳಿದರೆ ‘ಬರ್ತದ್ರೀ’ ಅಂದುಬಿಡುತ್ತಾರೆ. ಪಕ್ಕದ ಮನೆಯಲ್ಲಿ ಕೇಳಿ: ‘ಅಕ್ಕಾರ, ನಳ ಎಷ್ಟು ದಿನಕ್ಕೊಮ್ಮೆ ಬರ್ತದ?’ ಅಂಗಳದಲ್ಲಿ ಬ್ಯಾರಲ್ ಸಾಲಾಗಿ ನಿಂತಿದ್ದರೆ ಕೇಳೋದೇ ಬೇಡ ಅಲ್ವಾ? ನೆಲದಡಿಯ ಟ್ಯಾಂಕ್ ಎಷ್ಟು ಮನೆಗೆ ಹಂಚಿಕೆ ಅಂತ ನೋಡಿಯೇ ಅಡ್ವಾನ್ಸ್ ಕೊಡಿ.