ರಸ್ಟ್, ಝಿಗ್, ಮೋಜೋ: ಉಳಿಯುವುದು ಯಾವುದು?

ಪ್ರಶ್ನೆ: ಎಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದೇನೆ. ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಸಿ, ಪೈಥಾನ್ ಬರುತ್ತದೆ. ಸೀನಿಯರ್‌ಗಳು ರಸ್ಟ್ ಕಲಿ ಅನ್ನುತ್ತಾರೆ, ಗೆಳೆಯ ಝಿಗ್ ಅನ್ನುತ್ತಾನೆ, ಯೂಟ್ಯೂಬ್ ತೆರೆದರೆ ಮೋಜೋ. ಮುಂದೆ ಯಾವುದಕ್ಕೆ ಬೇಡಿಕೆ ಬರಬಹುದು?
– ವಿದ್ಯಾರ್ಥಿ, ಹಾಸನ

ಉತ್ತರ: ಯಾವ ಭಾಷೆ ಚೆನ್ನಾಗಿದೆ ಅಂತ ನೋಡುತ್ತಾ ಕೂತರೆ ಇದು ಬಗೆಹರಿಯುವುದಿಲ್ಲ. ಆ ಭಾಷೆ ಬೇಕೇ ಬೇಕು ಅನ್ನುವ ಕೆಲಸ ಯಾವುದಿದೆ, ಅದನ್ನು ನೋಡಿ.

ಡಾರ್ಟ್ ಭಾಷೆಯ ಕಥೆ ಕೇಳಿ. ಬ್ರೌಸರ್‌ನಲ್ಲಿ ಜಾವಾಸ್ಕ್ರಿಪ್ಟ್ ಜಾಗ ಹಿಡಿಯಲಿ ಅಂತ 2011ರಲ್ಲಿ ಗೂಗಲ್ ಅದನ್ನು ತಂದಿತು. ಬೇರೆ ಬ್ರೌಸರ್‌ನವರು ಕ್ಯಾರೇ ಅನ್ನಲಿಲ್ಲ, 2015ರಲ್ಲಿ ಗೂಗಲ್ಲೇ ಕ್ರೋಮ್‌ಗೆ ಅದನ್ನು ಸೇರಿಸುವ ಯೋಚನೆ ಕೈಬಿಟ್ಟಿತು. ಇನ್ನು ಮುಗಿಯಿತು ಅನ್ನುವಾಗ ಡಾರ್ಟ್‌ನಲ್ಲಿ ಆ್ಯಪ್ ಕಟ್ಟುವ ಗೂಗಲ್‌ನ ಸಲಕರಣೆ ಫ್ಲಟರ್ ಬಂತು, ಒಂದೇ ಕೋಡ್‌ನಿಂದ ಆಂಡ್ರಾಯ್ಡ್‌ಗೂ ಐಫೋನ್‌ಗೂ ಆ್ಯಪ್ ಮಾಡಬಹುದು ಅಂತಾಯಿತು, ಈಗ ಡಾರ್ಟ್ ಕಲಿಯುವವರಲ್ಲಿ ಹೆಚ್ಚಿನವರು ಫ್ಲಟರ್‌ಗಾಗಿಯೇ ಕಲಿಯುತ್ತಾರೆ. ಕಾಟ್ಲಿನ್ ಭಾಷೆಗೂ ಅದೃಷ್ಟ ಖುಲಾಯಿಸಿದ್ದು 2017ರಲ್ಲಿ, ಆಂಡ್ರಾಯ್ಡ್‌ಗೆ ಗೂಗಲ್ ಅದನ್ನು ಒಪ್ಪಿಕೊಂಡ ಮೇಲೆ. 2001ರಲ್ಲೇ ಬಂದ ಡಿ ಭಾಷೆ ಸಿ++ಗಿಂತ ಎಷ್ಟೋ ಹಸನಾಗಿತ್ತು, ಆದರೆ ಅದಕ್ಕೆ ಇಂಥ ಕೆಲಸ ಸಿಗಲಿಲ್ಲ.

ರಸ್ಟ್‌ಗೆ ಆ ಕೆಲಸ ಸಿಕ್ಕಿದೆ. ಸಿ, ಸಿ++ನಲ್ಲಿ ಬಿಟ್ಟುಕೊಟ್ಟ ಮೆಮೊರಿಯನ್ನೇ ಮತ್ತೆ ಮುಟ್ಟುವಂಥ ತಪ್ಪುಗಳಿಂದ ಹ್ಯಾಕರ್‌ಗಳಿಗೆ ದಾರಿಯಾಗುತ್ತದೆ. ಕೋಡನ್ನು ಯಂತ್ರಕ್ಕೆ ತಿಳಿಯುವಂತೆ ಬದಲಿಸುವ ರಸ್ಟ್ ಕಂಪೈಲರ್ ಅಂಥವನ್ನು ಪ್ರೋಗ್ರಾಮ್ ಓಡುವ ಮೊದಲೇ ಹಿಡಿಯುತ್ತದೆ, ಅದೂ ಗಾರ್ಬೇಜ್ ಕಲೆಕ್ಟರ್ (ಪ್ರೋಗ್ರಾಮ್ ಓಡುವಾಗ ಬೇಡದ ಮೆಮೊರಿ ಗುಡಿಸುವ ವ್ಯವಸ್ಥೆ) ಇಲ್ಲದೆ. 2022ರ ಡಿಸೆಂಬರ್‌ನಲ್ಲಿ ಬಂದ 6.1 ಆವೃತ್ತಿಯಿಂದ ಲಿನಕ್ಸ್ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಒಳಗೂ ಅದಕ್ಕೆ ಜಾಗ ಸಿಕ್ಕಿದೆ. ಗ್ರೇಡನ್ ಹೋರ್ 2006ರಲ್ಲಿ ಶುರು ಮಾಡಿದ್ದು 1.0, ಅಂದರೆ ಮೊದಲ ಸ್ಥಿರ ಆವೃತ್ತಿ, ಆಗಿದ್ದು 2015ರಲ್ಲಿ, ಅಂದರೆ ಇದು ನಿನ್ನೆ ಮೊನ್ನೆಯ ಕೂಸಲ್ಲ.

ಝಿಗ್ ನನಗೂ ಇಷ್ಟ. ಸಿ ಬಂದವರಿಗೆ ಬೇಗ ಹಿಡಿಸುತ್ತದೆ. ಆದರೆ 2016ರಲ್ಲಿ ಹೊರಬಂದ ಭಾಷೆ ಎಷ್ಟೋ ವರ್ಷ 1.0 ಮುಟ್ಟದೆ ಓಡಾಡಿದೆ, ಹೊಸ ಆವೃತ್ತಿ ಬಂದರೆ ಹಳೇ ಕೋಡ್ ಕೆಡಬಹುದು. ಸುಮ್ನೆ ಖುಷಿಗೆ ಕಲಿಯಿರಿ, ಕೆಲಸ ನಂಬಿಕೊಂಡು ಬೇಡ. ಮೋಜೋ ಹಿಂದೆ ಆ್ಯಪಲ್‌ನ ಸ್ವಿಫ್ಟ್ ಭಾಷೆ ಮಾಡಿದ ಕ್ರಿಸ್ ಲ್ಯಾಟ್ನರ್ ಇದ್ದಾರೆ, ಎಐ ಕೆಲಸವನ್ನು ವೇಗವಾಗಿ ಮಾಡಿಸುವುದು ಅವರ ಗುರಿ. ನನಗೆ ಅನುಮಾನ. ಪೈಥಾನ್‌ನ ಎಐ ಲೈಬ್ರರಿಗಳ ಒಳಗೆ ಭಾರದ ಕೆಲಸವನ್ನು ಸಿ++ ಈಗಾಗಲೇ ಮಾಡುತ್ತಿದೆ, ಹಾಗಿದ್ದಾಗ ಜನ ಯಾಕೆ ಬದಲಾಯಿಸುತ್ತಾರೆ ಹೇಳಿ?

ಇನ್ನೊಂದು ತೊಡಕು, ಎಐ ಸಹಾಯಕಗಳು ಜಾಸ್ತಿ ಕೋಡ್ ಇರುವ ಹಳೇ ಭಾಷೆಗಳನ್ನೇ ಚೆನ್ನಾಗಿ ಬರೆಯುತ್ತವೆ. ಹೊಸ ಭಾಷೆಗಳಿಗೆ ಇದು ಸಣ್ಣ ಏಟಲ್ಲ.

ನೀವು ರಸ್ಟ್‌ಗೇ ಕೈ ಹಾಕಿ. ಹೊಸಬರಿಗೆ ಅದರಲ್ಲಿ ಕೆಲಸ ಕಮ್ಮಿ, ಆದ್ದರಿಂದ ಕ್ಯಾಂಪಸ್ ಇಂಟರ್‌ವ್ಯೂಗೆ ಪೈಥಾನ್ ಕೈಬಿಡಬೇಡಿ. ಮೋಜೋ ನಿಜವಾಗಿ ಬೆಳೆದರೆ ಆಗ ನೋಡಿದರಾಯಿತು, ಪೈಥಾನ್ ಬಂದವರಿಗೆ ಅದರ ಬರವಣಿಗೆ ಹೊಸದೇನಲ್ಲ.