ಒಂದು ಬೋಲ್ಟಿನ ಎರವಲು ಲೆಕ್ಕ

ತಿಪಟೂರಿನಿಂದ ನಿವೃತ್ತ ಡ್ರಿಲ್ ಮೇಷ್ಟ್ರೊಬ್ಬರು ಬರೆದಿದ್ದಾರೆ:

‘ಕಳೆದ ಸಂಚಿಕೆಯಲ್ಲಿ 1964ರ ಇನ್ಸ್‌ಬ್ರುಕ್ ಚಳಿಗಾಲದ ಒಲಿಂಪಿಕ್ಸ್ ಲೇಖನ ಓದಿದೆ. ಬಾಬ್‌ಸ್ಲೆಡ್ ಅನ್ನೋ ಮಂಜಿನ ಜಾರುಗಾಡಿ ಸ್ಪರ್ಧೆಯಲ್ಲಿ ಇಟಲಿಯ ಮೋಂಟಿ ತನ್ನ ಗಾಡಿಯ ಬೋಲ್ಟ್ ಬಿಚ್ಚಿ ಬ್ರಿಟನ್ನಿನವರಿಗೆ ಕೊಟ್ಟ, ಅವರು ಚಿನ್ನ ಗೆದ್ದರು, ಇವನು ಮೂರನೆಯವನಾದ. ನೀವು ಇದನ್ನು ದೊಡ್ಡ ಗುಣ ಅಂತ ಹೊಗಳಿದ್ದೀರಿ. ನನ್ನ ಪ್ರಕಾರ ಇದು ದಡ್ಡತನ. ಸಾಮಾನು ಸರಿಯಾಗಿ ಇಟ್ಟುಕೊಳ್ಳುವುದೂ ಆಟದಲ್ಲಿ ಸೇರಿದ್ದೇ. 31 ವರ್ಷ ಮಕ್ಕಳಿಗೆ ಅದನ್ನೇ ಹೇಳಿಕೊಟ್ಟಿದ್ದೇನೆ. ಅಲ್ಲದೆ ಅವತ್ತು ಎರಡನೆಯ ಸ್ಥಾನಕ್ಕೆ ಬಂದವನೂ ಇಟಲಿಯವನೇ. ಅವನ ಚಿನ್ನ ದಾನ ಮಾಡಲು ಮೋಂಟಿ ಯಾರು? ವಿ.ಸೂ.: ಲೇಖನದಲ್ಲಿ ಹೇಳಿರುವ ನಿಮ್ಮ ಹಳೆಯ ಕ್ರೀಡಾ ವಿಶೇಷಾಂಕ ಓದಲು ಸಿಗಬಹುದೇ?’

ಮೇಷ್ಟ್ರೇ, ನಿಮ್ಮ ಕಾಗದ ಎಂಟು ದಿನದಿಂದ ನನ್ನ ಮೇಜಿನ ಮೇಲೇ ಇದೆ. ಬೇರೆಯವರಿಗೆಲ್ಲ ಎರಡೆರಡು ಸಾಲು ಬರೆದು ಮುಗಿಸಿದೆ. ನಿಮ್ಮದನ್ನು ಮಾತ್ರ ಮತ್ತೆ ಮತ್ತೆ ತೆಗೆದು ಓದಿದೆ. ಎರವಲು ಅನ್ನೋದು ನನ್ನ ಹಳೇ ಹುಚ್ಚು. ಯಾರಾದರೂ ಆ ಮಾತು ಎತ್ತಿದರೆ ಸುಲಭಕ್ಕೆ ಬಿಡುವವನಲ್ಲ ನಾನು. ನಮ್ಮ ಆಫೀಸಿನವರಿಗೆ ಇದು ಗೊತ್ತು. ಒಬ್ಬೊಬ್ಬರಾಗಿ ಕಾಫಿಗೆ ಎದ್ದು ಹೋಗಿದ್ದಾರೆ.

ಮೊದಲು ನಿಮ್ಮ ಕಡೆಯ ನ್ಯಾಯ. ಸಾಮಾನು ನೋಡಿಕೊಳ್ಳುವುದು ಆಟದಲ್ಲಿ ಸೇರಿದ್ದು, ಒಪ್ಪಿದೆ. ಎರಡನೆಯ ಸ್ಥಾನದ ವಿಷಯವೂ ಸರಿ. ಬ್ರಿಟನ್ನಿನ ಟೋನಿ ನ್ಯಾಶ್, ರಾಬಿನ್ ಡಿಕ್ಸನ್ ಜೋಡಿ ನಾಲ್ಕು ಓಟ ಸೇರಿ ತೆಗೆದುಕೊಂಡದ್ದು 4 ನಿಮಿಷ 21.90 ಸೆಕೆಂಡ್. ಇಟಲಿಯ ಸೆರ್ಜಿಯೊ ಝಾರ್ಡಿನಿ, ರೊಮಾನೊ ಬೊನಗುರಾ ಜೋಡಿ 4 ನಿಮಿಷ 22.02. ನಡುವೆ ಬರೀ 0.12 ಸೆಕೆಂಡ್. ಕಣ್ಣು ಮಿಟುಕಿಸುವಷ್ಟೂ ಹೊತ್ತಲ್ಲ. ಆ ಬೋಲ್ಟ್ ಇಲ್ಲದಿದ್ದರೆ ಝಾರ್ಡಿನಿ ಮನೆಗೆ ಚಿನ್ನ ಹೋಗುತ್ತಿತ್ತು. ಎರಡೇ ವರ್ಷದಲ್ಲಿ, 1966ರಲ್ಲಿ, ಅಮೆರಿಕದ ಲೇಕ್ ಪ್ಲಾಸಿಡ್‌ನಲ್ಲಿ ಬಾಬ್‌ಸ್ಲೆಡ್ ಅಪಘಾತದಲ್ಲಿ ಅವನು ತೀರಿಕೊಂಡ. ಅದನ್ನು ನೆನೆಸಿಕೊಂಡಾಗ ನನಗೂ ಒಂದು ಕ್ಷಣ ಮಾತು ಹೊರಡುವುದಿಲ್ಲ.

ಇಷ್ಟು ನಿಮ್ಮ ಪಾಲು. ಇನ್ನು ಮೇಲೆ ನನ್ನದು.

ಬಾಬ್‌ಸ್ಲೆಡ್ ನೋಡದವರಿಗೆ ಒಂದು ಮಾತು: ಗಾಲಿಯಿಲ್ಲದ ಕಾರು ಅಂದುಕೊಳ್ಳಿ. ಕೆಳಗೆ ಉಕ್ಕಿನ ಪಟ್ಟಿ. ಇಬ್ಬರು ಅದನ್ನು ತಳ್ಳಿಕೊಂಡು ಓಡಿ, ಒಳಗೆ ಹಾರಿ ಕೂತು, ಮಂಜುಗಡ್ಡೆಯ ಕಾಲುವೆಯೊಳಗೆ ಇಳಿಯುತ್ತಾರೆ. ಇನ್ಸ್‌ಬ್ರುಕ್ ಪಕ್ಕದ ಇಗ್ಲ್ಸ್‌ನಲ್ಲಿ ಆ ಕಾಲುವೆ. ಮೊದಲ ಓಟ ಮುಗಿದಾಗ ನ್ಯಾಶ್ ಗಾಡಿಯ ಹಿಂದಿನ ಆಕ್ಸೆಲ್ಲಿನ ಬೋಲ್ಟ್ ಮುರಿದಿತ್ತು. ಕೈಯಲ್ಲಿ ಬೇರೆ ಬೋಲ್ಟ್ ಇಲ್ಲ. ಬೋಲ್ಟ್ ಇಲ್ಲದೆ ಇಳಿಯುವ ಹಾಗಿಲ್ಲ. ಅಲ್ಲಿಗೆ ಮನೆಗೆ ಹೊರಡಬೇಕಿತ್ತು. ಅಷ್ಟರಲ್ಲಿ ಯುಜೆನಿಯೊ ಮೋಂಟಿ ತನ್ನ ಓಟ ಮುಗಿಸಿ, ತನ್ನ ಗಾಡಿಯದನ್ನೇ ಬಿಚ್ಚಿಸಿ ಮೇಲಕ್ಕೆ ಕಳಿಸಿದ. ಅಷ್ಟೇ ಕಥೆ. ಒಂದು ಸ್ಪ್ಯಾನರ್, ಒಂದು ಬೋಲ್ಟ್.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಅವನು ಬೋಲ್ಟ್ ಕೊಟ್ಟಾಗ ಇನ್ನೂ ಓಟಗಳು ಬಾಕಿ ಇದ್ದವು. ಚಿನ್ನ ಆಗ ಯಾರದ್ದೂ ಆಗಿರಲಿಲ್ಲ. ಯಾರದ್ದೂ ಅಲ್ಲದ್ದನ್ನು ದಾನ ಮಾಡೋದು ಹೇಗೆ? ಅವನು ಕೊಟ್ಟಿದ್ದು ಚಿನ್ನ ಅಲ್ಲ, ಬೋಲ್ಟ್. ಇಟಲಿಯ ಪತ್ರಿಕೆಗಳು ನಿಮ್ಮ ಹಾಗೇ ಸಿಟ್ಟಾದವು. ನ್ಯಾಶ್ ಗೆದ್ದಿದ್ದು ನನ್ನ ಬೋಲ್ಟಿನಿಂದಲ್ಲ, ಎಲ್ಲರಿಗಿಂತ ಜೋರಾಗಿ ಇಳಿದಿದ್ದರಿಂದ ಅಂತ ಮೋಂಟಿ ಹೇಳಿದ. ಎರವಲು ಕೊಟ್ಟವನು ಹೀಗೆ ಮಾತಾಡೋದನ್ನು ನೀವು ಎಷ್ಟು ಸಲ ಕೇಳಿದ್ದೀರಿ, ಹೇಳಿ? ನಮ್ಮ ಕಡೆ ಮದುವೆಗೆ ಎರಡು ಜಮಖಾನ ಕೊಟ್ಟವರು ಮೊಮ್ಮಕ್ಕಳ ಕಾಲದವರೆಗೂ ‘ಅವತ್ತು ನಮ್ಮ ಜಮಖಾನದ ಮೇಲೆ’ ಅಂತಲೇ ಮಾತು ಶುರು ಮಾಡುತ್ತಾರೆ.

ಪದಕಕ್ಕೆ ಆಸೆಯಿಲ್ಲದ ಸಂತ ಅಂತ ತಿಳೀಬೇಡಿ ಅವನನ್ನು. ಮೊದಲು ಸ್ಕೀ ಆಟಗಾರ. ಮೊಣಕಾಲು ಹಾಳಾದ ಮೇಲೆ ಈ ಗಾಡಿ ಹತ್ತಿದ. 1956ರಲ್ಲಿ ಇಟಲಿಯ ಕೊರ್ಟಿನಾ ಒಲಿಂಪಿಕ್ಸಿನಲ್ಲಿ ಎರಡು ಬೆಳ್ಳಿ. 1960ರ ಹೊತ್ತಿಗೆ ಅವನನ್ನು ಹಿಡಿಯುವವರೇ ಇರಲಿಲ್ಲ. ಆದರೆ ಆ ವರ್ಷದ ಒಲಿಂಪಿಕ್ಸ್ ನಡೆಸಿದ ಅಮೆರಿಕದ ಸ್ಕ್ವಾ ವ್ಯಾಲಿಯವರು, ಬರುವುದೇ ಎಂಟೊಂಬತ್ತು ದೇಶ, ಅಷ್ಟಕ್ಕೆ ಬಾಬ್‌ಸ್ಲೆಡ್ ಕಾಲುವೆ ಯಾರು ಕಟ್ಟುತ್ತಾರೆ ಅಂತ ಆ ಆಟವನ್ನೇ ಕೈಬಿಟ್ಟರು. ಹಾಗೆ ನಾಲ್ಕು ವರ್ಷ ಕಾದವನು ಇನ್ಸ್‌ಬ್ರುಕ್‌ಗೆ ಬಂದಿದ್ದ. ಹಸಿದವನು ತನ್ನ ತಟ್ಟೆಯಿಂದ ಎತ್ತಿ ಕೊಟ್ಟ ತುತ್ತು ಅದು. ಕೊನೆಗೆ 1968ರಲ್ಲಿ, ನಲವತ್ತರ ವಯಸ್ಸಿನಲ್ಲಿ, ಎರಡು ಚಿನ್ನ ಗೆದ್ದ. ಅದರಲ್ಲೊಂದು ಪಶ್ಚಿಮ ಜರ್ಮನಿಯ ಜೋಡಿಯ ಜೊತೆ ಸಮ ಸಮ ಬಂದು, ಒಂದೇ ಓಟದ ವೇಗ ನೋಡಿ ತೀರ್ಮಾನವಾಗಿದ್ದು. ಪುಣ್ಯ ಕೈಹಿಡಿಯಿತು ಅಂತ ಬರೆಯುವ ಆಸೆ ನನಗೂ ಇದೆ. ಆದರೆ ನೀವು ನಗುತ್ತೀರಿ.

ನಾನು ಹೇಳಹೊರಟಿದ್ದು ಬೇರೆ. ಆ ಇನ್ಸ್‌ಬ್ರುಕ್ ಕೂಟವೇ ಪೂರ್ತಿ ಎರವಲಿನ ಮೇಲೆ ನಡೆದಿದ್ದು. ಜನವರಿ 29ಕ್ಕೆ ಶುರು. ಊರಲ್ಲಿ ಹಿಮವೇ ಇಲ್ಲ! ಆಲ್ಪ್ಸ್ ಮಡಿಲಲ್ಲಿ ಕೂತ ಊರಿಗೆ ಹಿಮದ ಬರ. ಮಲೆನಾಡಿನ ಮದುವೆ ಮನೆಯಲ್ಲಿ ಅಡಿಕೆ ಸಿಗಲಿಲ್ಲ ಅಂದ ಹಾಗೆ. ಆಸ್ಟ್ರಿಯಾದ ಸೈನಿಕರು ಬೆಟ್ಟದಿಂದ 20,000 ಮಂಜುಗಡ್ಡೆಯ ಇಟ್ಟಿಗೆ ಕಡಿದು ತಂದರು. ಸ್ಕೀ ಇಳಿಜಾರುಗಳಿಗೆ 40,000 ಘನ ಮೀಟರ್ ಹಿಮ ಹೊತ್ತರು. ಒಂದು ಟಿಪ್ಪರ್‌ಗೆ ಹತ್ತು ಘನ ಮೀಟರ್ ಅಂತ ಹಿಡಿದರೂ ನಾಲ್ಕು ಸಾವಿರ ಲೋಡ್! ಅಷ್ಟಾದ ಮೇಲೆ ಮಳೆ ಬಂತು. ಮತ್ತೆ ಸೈನಿಕರೇ ಕೈಯಲ್ಲಿ ಕಾಲಲ್ಲಿ ತುಳಿದು ಗಟ್ಟಿ ಮಾಡಿದರು. ನಮ್ಮಲ್ಲಿ ಕಣ ತುಳಿದು ಸಗಣಿ ಸಾರಿಸುತ್ತಿದ್ದುದು ನೆನಪಾಗುತ್ತೆ, ಅಲ್ವಾ?

ಧ್ವಜಗಳೂ ಎರವಲೇ. ಅಭ್ಯಾಸದಲ್ಲಿ ಲೂಜ್ ಅನ್ನೋ, ಅಂಗಾತ ಮಲಗಿ ಜಾರುವ ಪುಟ್ಟ ಗಾಡಿಯಿಂದ ಬಿದ್ದು ತೀರಿಕೊಂಡ ಕಾಝಿಮಿಯರ್ಝ್ ಕೇ-ಸ್ಕ್ರಿಪೆಟ್ಸ್ಕಿ ಹುಟ್ಟಿದ್ದು ಪೋಲೆಂಡಿನಲ್ಲಿ, ಬಂದಿದ್ದು ಬ್ರಿಟನ್ ಹೆಸರಲ್ಲಿ. ಇನ್ನು ನಮ್ಮ ದೇಶದ ಹೆಸರಲ್ಲಿ ಮೊದಲ ಸಲ ಚಳಿಗಾಲದ ಒಲಿಂಪಿಕ್ಸಿಗೆ ಇಳಿದವರು ಯಾರು? ಪೋಲೆಂಡ್ ಮೂಲದ ಜೆರೆಮಿ ಬುಜಾಕೊವ್‌ಸ್ಕಿ. ಇದೇ ಇನ್ಸ್‌ಬ್ರುಕ್‌ನಲ್ಲಿ. ಇಡೀ ಭಾರತ ತಂಡ ಅಂದರೆ ಅವರೊಬ್ಬರೇ. ಸ್ಕೀಯಲ್ಲಿ ಬೆಟ್ಟ ಇಳಿಯುವ ಡೌನ್‌ಹಿಲ್ ಓಟ ಮುಗಿಸಲು ಆಗಲಿಲ್ಲ. ನಾಲ್ಕು ವರ್ಷ ಬಿಟ್ಟು ಫ್ರಾನ್ಸಿನ ಗ್ರೆನೋಬಲ್ ಒಲಿಂಪಿಕ್ಸಿಗೆ ಮತ್ತೆ ಹೋದರು. ಅವರ ಹೆಸರು ನಮ್ಮ ಯಾವ ಸಾಮಾನ್ಯಜ್ಞಾನದ ಗೈಡಿನಲ್ಲಿದೆ? ಓಟ ಮುಗಿಸದವರಿಗೆ ಗೈಡಿನಲ್ಲಿ ಜಾಗ ಇಲ್ಲ.

ಲೂಜ್ ಒಲಿಂಪಿಕ್ಸಿಗೆ ಸೇರಿದ್ದೂ ಆ ಸಲವೇ. ಅದೇ ಆಟದಲ್ಲಿ ಮುಂದೆ ಮನಾಲಿ ಕಡೆಯ ಶಿವ ಕೇಶವನ್ 1998ರಿಂದ 2018ರವರೆಗೆ ಆರು ಒಲಿಂಪಿಕ್ಸ್ ಇಳಿದರು. ಮೊದಲ ಸಲಕ್ಕೆ ಅವರಿಗೆ ಹದಿನಾರು ವರ್ಷ. ಶುರುವಿನ ದಿನಗಳಲ್ಲಿ ಎರವಲು ಸ್ಲೆಡ್. ಅಭ್ಯಾಸಕ್ಕೆ ಸ್ಲೆಡ್ಡಿಗೆ ಗಾಲಿ ಹಾಕಿ ಹಿಮಾಲಯದ ಡಾಂಬರು ರಸ್ತೆಯಲ್ಲಿ, ಲಾರಿಗಳ ನಡುವೆ! ಸಾಮಾನು ಸರಿಯಾಗಿ ಇಟ್ಟುಕೊಂಡವನು ಮಾತ್ರ ಆಡಬೇಕು ಅಂತ ನೀವು ಗೇಟಲ್ಲಿ ನಿಂತಿದ್ದರೆ ಅವರು ಒಳಗೆ ಬರುತ್ತಿರಲಿಲ್ಲ. (‘ಹಿಮ ನಮಗ್ಯಾಕೆ’ ಅಂತ ಇನ್ನೊಬ್ಬ ಓದುಗರು ಕೇಳಿದ್ದಾರೆ. ಅವರಿಗೂ ಇಲ್ಲೇ ಉತ್ತರ: ನಮ್ಮ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಸ್ಕೀ ಕಟ್ಟಿಕೊಂಡು ಗುಲ್ಮಾರ್ಗ್‌ನಲ್ಲಿ ಚಿನ್ನ ಗೆದ್ದು ಬಂದಿದ್ದಾರೆ.)

ಅಷ್ಟೇ ಅಲ್ಲ, ಒಲಿಂಪಿಕ್ಸೇ ಒಮ್ಮೆ ಎರವಲಿಗೆ ಬಂದಿತ್ತು. 1976ರ ಕೂಟ ನಡೆಯಬೇಕಿದ್ದುದು ಅಮೆರಿಕದ ಡೆನ್ವರ್‌ನಲ್ಲಿ. 1972ರಲ್ಲಿ ಅಲ್ಲಿನ ಜನ ನಮ್ಮ ದುಡ್ಡು ಇದಕ್ಕೆ ಬೇಡ ಅಂತ ಮತ ಹಾಕಿಬಿಟ್ಟರು. ಆಗ ಒಲಿಂಪಿಕ್ಸಿನವರು ಮತ್ತೆ ಇನ್ಸ್‌ಬ್ರುಕ್ ಬಾಗಿಲು ತಟ್ಟಿದರು. ಬನ್ನಿ ಅಂದರು ಅವರು. ಆ ಸಲ ಒಂದಲ್ಲ, ಎರಡು ಜ್ಯೋತಿ ಹಚ್ಚಿದರು. ಒಂದು 1964ರದ್ದು, ಇನ್ನೊಂದು 1976ರದ್ದು.

ಗೆದ್ದವರನ್ನು ಮರೆತೆ ಅಂತ ಬಯ್ಯಬೇಡಿ. ಸೋವಿಯತ್ ಒಕ್ಕೂಟದ ಲಿಡಿಯಾ ಸ್ಕೊಬ್ಲಿಕೋವಾ ಸ್ಪೀಡ್ ಸ್ಕೇಟಿಂಗಿನ ನಾಲ್ಕಕ್ಕೆ ನಾಲ್ಕೂ ಚಿನ್ನ ಬಾಚಿದರು. ಉರಲ್ ಬೆಟ್ಟದ ಕಡೆಯ ಟೀಚರ್ ಕಣ್ರೀ, ನಿಮ್ಮ ಕಸುಬಿನವರೇ! ಫ್ರಾನ್ಸಿನ ಗ್ವಾಶೆಲ್ ಅಕ್ಕತಂಗಿಯರಂತೂ ಸ್ಲಾಲಂನಲ್ಲಿ (ಕಂಬಗಳ ನಡುವೆ ಅಂಕುಡೊಂಕಾಗಿ ಇಳಿಯುವ ಸ್ಕೀ ಓಟ) ಅಕ್ಕನಿಗೆ ಚಿನ್ನ ತಂಗಿಗೆ ಬೆಳ್ಳಿ, ಎರಡು ದಿನ ಬಿಟ್ಟು ಜೈಂಟ್ ಸ್ಲಾಲಂನಲ್ಲಿ ತಂಗಿಗೆ ಚಿನ್ನ ಅಕ್ಕನಿಗೆ ಬೆಳ್ಳಿ ಅಂತ ಮನೆಯೊಳಗೇ ಅದಲು ಬದಲು ಮಾಡಿಕೊಂಡರು.

ಮೋಂಟಿ ಒಬ್ಬನೇ ಏನಲ್ಲ. 2006ರಲ್ಲಿ ಟುರಿನ್‌ನಲ್ಲಿ ಕೆನಡಾದ ಸಾರಾ ರೆನರ್ ಸ್ಕೀ ಕೋಲು ಓಟದ ನಡುವೆ ಮುರಿಯಿತು. ದಾರಿ ಬದಿ ನಿಂತಿದ್ದ ನಾರ್ವೆಯ ಕೋಚ್ ಬ್ಯೋರ್ನಾರ್ ಹೋಕೆನ್ಸ್‌ಮೋನ್ ತನ್ನ ಕೈಲಿದ್ದ ಕೋಲು ಕೊಟ್ಟುಬಿಟ್ಟರು. ಕೋಲು ಸ್ವಲ್ಪ ಉದ್ದವೇ ಇತ್ತು. ಇರಲಿ, ಮುರಿದದ್ದಕ್ಕಿಂತ ವಾಸಿ. ಕೆನಡಾಕ್ಕೆ ಬೆಳ್ಳಿ, ನಾರ್ವೆಗೆ ನಾಲ್ಕನೆಯ ಸ್ಥಾನ. ಆಮೇಲೆ ಕೆನಡಾದ ಜನ ಏನು ಮಾಡಿದರು ಗೊತ್ತಾ? ತಮ್ಮ ಮೇಪಲ್ ಮರದ ಸಿಹಿಪಾಕವನ್ನು ಸಾವಿರಾರು ಡಬ್ಬಿ ಸೇರಿಸಿ ನಾರ್ವೆಗೆ ಕಳಿಸಿದರು. ನಮ್ಮ ಅಮ್ಮನಿಗೆ ಇದನ್ನು ಹೇಳಿದಾಗ ಅವರಿಗೆ ಆಶ್ಚರ್ಯವೇ ಆಗಲಿಲ್ಲ. ‘ಮತ್ತೆ? ಖಾಲಿ ಪಾತ್ರೆ ವಾಪಸ್ ಕೊಡ್ತಾರಾ ಯಾರಾದ್ರೂ?’ ಅಂದರು.

ನನ್ನದೂ ಒಂದಿದೆ. ಏಳನೇ ಕ್ಲಾಸಿನಲ್ಲಿ ತಾಲ್ಲೂಕು ಮಟ್ಟದ ಕ್ರೀಡಾಕೂಟ. ಎಂಟುನೂರು ಮೀಟರ್ ಓಟ. ಮೈದಾನದ ತುಂಬ ನೆಗ್ಗಿಲಮುಳ್ಳು, ನನ್ನದು ಬರಿಗಾಲು. ಬೇರೆ ಸ್ಕೂಲಿನ ಹುಡುಗನೊಬ್ಬ, ತನ್ನ ಓಟ ಮುಗಿಸಿ ಕೂತಿದ್ದವನು, ಬಿಳೀ ಕ್ಯಾನ್ವಾಸ್ ಶೂ ಬಿಚ್ಚಿ ಎಸೆದ. ನನಗೆ ಎರಡು ಸೈಜು ದೊಡ್ಡದು. ಮುಂದಕ್ಕೆ ಪೇಪರ್ ಉಂಡೆ ತುರುಕಿದೆ. ಶೂ ಒಳಗೆ ಇನ್ನೂ ಅವನ ಕಾಲಿನ ಬಿಸಿ ಇತ್ತು. ಇವತ್ತಿಗೂ ಅದು ನೆನಪಿದೆ. ಎರಡನೇ ಸುತ್ತಿನಲ್ಲಿ ಎಡಗಾಲಿನದು ಕಳಚಿ ಹಿಂದೆ ಬಿತ್ತು. ಒಂದೇ ಶೂನಲ್ಲಿ ಓಡಿ ಆರನೆಯವನಾದೆ. ಓಡಿದ್ದೇ ಆರು ಜನ. ಶೂ ವಾಪಸ್ ಕೊಟ್ಟಾಗ ಅವನು ಸೋಲ್ ತಿರುಗಿಸಿ ನೋಡಿ, ‘ಪೇಪರ್ ತೆಗಿಯೋ’ ಅಂದ. ಅಷ್ಟೇ ಮಾತು. ನಮ್ಮ ಡ್ರಿಲ್ ಮೇಷ್ಟ್ರು ಮಾತ್ರ, ಬೇರೆ ಸ್ಕೂಲಿನವನ ಶೂ ಯಾಕೆ ಹಾಕ್ಕೊಂಡೆ ಅಂತ ಬೈದರು. ಕ್ಷಮಿಸಿ ಮೇಷ್ಟ್ರೇ, ನಿಮ್ಮ ಕಾಗದ ಓದುವಾಗ ಅವರ ಮುಖವೇ ಕಣ್ಣೆದುರಿಗೆ ಬಂತು.

ಈಗ ಯಾರು ಯಾರಿಗೆ ಏನು ಕೊಡುತ್ತಾರೆ ಹೇಳಿ. ನಮ್ಮ ಕಾಲದಲ್ಲಿ ಪಕ್ಕದವನಿಗೆ ರಬ್ಬರ್ ಇಲ್ಲ ಅಂದರೆ ಸ್ಕೇಲಿನಂಚಿನಲ್ಲಿ ಒತ್ತಿ ಅರ್ಧ ಮಾಡಿ ಕೊಡುತ್ತಿದ್ದೆವು. ಮೊನ್ನೆ ನಮ್ಮ ಅಣ್ಣನ ಮಗಳು ಜ್ವರ ಬಂದು ನಾಲ್ಕು ದಿನ ಕಾಲೇಜಿಗೆ ಹೋಗಲಿಲ್ಲ. ಗೆಳತಿಯರ ಹತ್ತಿರ ನೋಟ್ಸ್ ಕೇಳಿದರೆ ಮೂವರೂ ‘ನಾನೂ ಬರೆದಿಲ್ಲ ಕಣೇ’ ಅಂದರಂತೆ. ಮೂವರೂ ಬರೆದಿದ್ದರು. ಅವರ ಮನೆಯಲ್ಲೇ ಹೇಳಿಕೊಟ್ಟಿದ್ದಾರೆ, ನಿನ್ನ ನೋಟ್ಸ್ ಕೊಟ್ಟರೆ ನಿನ್ನ ಸೀಟು ಕೊಟ್ಟ ಹಾಗೆ ಅಂತ. ಒಂದು ಬ್ಯಾಂಕಿಗೆ ಹೋದೆ, ಸ್ಲಿಪ್ ಬರೆಯುವ ಪೆನ್ನಿಗೆ ದಾರ ಕಟ್ಟಿದ್ದಾರೆ. ದಾರ ಎಷ್ಟು ಚಿಕ್ಕದು ಅಂದರೆ ಸಹಿ ಹಾಕಲು ನಾನೇ ಬಗ್ಗಿ ಪೆನ್ನಿನ ಹತ್ತಿರ ಹೋಗಬೇಕಾಯಿತು. ಅಕ್ಕಪಕ್ಕದ ಮನೆಗೆ ಒಂದು ಲೋಟ ಕಾಫಿಪುಡಿ ಕೇಳಲು ಹೋಗುವುದು ನಿಂತೇ ಹೋಯಿತು. ಹತ್ತು ನಿಮಿಷದಲ್ಲಿ ಹುಡುಗ ಬೈಕಿನಲ್ಲಿ ತಂದುಕೊಡುತ್ತಾನೆ. ಒಳ್ಳೆಯದೇ. ಆದರೆ ಆ ಲೋಟ ವಾಪಸ್ ಬರುವಾಗ ಜೊತೆಗೆ ಬರುತ್ತಿದ್ದ ಎರಡು ಕೋಡುಬಳೆ ಯಾವ ಆ್ಯಪಿನಲ್ಲಿ ಸಿಗುತ್ತೆ?

ಹೋಗಲಿ ಬಿಡಿ, ಕಾಗದ ಉದ್ದವಾಯಿತು. ನಿಮ್ಮ ವಿ.ಸೂ. ವಿಷಯಕ್ಕೆ ಬರುತ್ತೇನೆ. ಡ್ರಿಲ್ ಮೇಷ್ಟ್ರು, ಎರವಲು ತಪ್ಪು ಅಂತ ಒಂದು ಪುಟ ಬರೆದು ಕೊನೆಯಲ್ಲಿ ಎರವಲು ಕೇಳಿದ್ದೀರಿ! ನಮ್ಮ ಆಫೀಸಿನಲ್ಲಿ ಆ ವಿಶೇಷಾಂಕದ ಒಂದೇ ಪ್ರತಿ ಉಳಿದಿದೆ. ನಾಳೆಯೇ ಸ್ಪೀಡ್ ಪೋಸ್ಟಿನಲ್ಲಿ ಹೊರಡುತ್ತದೆ. 17ನೇ ಪುಟದ ಮೂಲೆ ಹರಿದಿದೆ. ಅದು ಮೊದಲೇ ಹರಿದಿದ್ದು, ನಿಮ್ಮ ತಲೆಗೆ ಕಟ್ಟುವುದಿಲ್ಲ. ಯುಗಾದಿಯೊಳಗೆ ವಾಪಸ್ ಕಳಿಸಿ. ತಿಪಟೂರಿನಿಂದ ಬರುವ ಪಾರ್ಸಲ್ ಬರೀ ಪುಸ್ತಕ ಹೊತ್ತು ಬರುವುದಿಲ್ಲ ಅಂತ ನಮ್ಮ ಅಮ್ಮ ಹೇಳುತ್ತಿದ್ದಾರೆ. ಅವರಿಗೆ ಉಂಡೆ ಕೊಬ್ಬರಿ ಅಂದರೆ ಪ್ರಾಣ.

– ಸಂ.